ಬೆನ್ನಲ್ಲಿ ಬಾಯಿ ಇದ್ದ ಎತ್ತು

ಮಕ್ಕಳಿಗೆ ಕಥೆ ಬರೆಯುವ ನಮ್ಮಂಥವರಿಗೆ ಒಂದು ವಯಸ್ಸಿನಲ್ಲಿ ಬಾವಿ ಬತ್ತುತ್ತದೆ. ನನಗೆ 38ರಲ್ಲಿ ಬತ್ತಿತು. ಹಗಲೆಲ್ಲ ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತೇನೆ. ರಾತ್ರಿ ಕೂತರೆ ಕಥೆಯ ಮೊಲ ಮೊಲದಂತೆ ಮಾತಾಡುವುದನ್ನೇ ಬಿಟ್ಟಿತ್ತು. ಎರಡು ವರ್ಷ ಕಳಿಸಿದ್ದೆಲ್ಲ ವಾಪಸ್ ಬಂತು.

ದುಡ್ಡು ಹಾಕಿ ನೋಡಿದೆ. ಮೂರು ದಿನದ ಒಂದು ಶಿಬಿರಕ್ಕೆ ಸುಮಾರು 4,500 ರೂಪಾಯಿ, ಬಸ್ಸು-ಊಟ ಬೇರೆ. ಕಣ್ಣು ಮುಚ್ಚಿ ಬಾಲ್ಯ ನೆನೆಸಿಕೊಳ್ಳಿ ಅಂದರು. ನೆನಪು ಬಂತು, ಕಥೆ ಬರಲಿಲ್ಲ. ಬಣ್ಣದ ಪೆನ್ಸಿಲ್, ದಪ್ಪ ಹಾಳೆಯ ಪುಸ್ತಕ ಅಂತ ಇನ್ನೊಂದು 1,500 ಹೋಯಿತು. ದುಬಾರಿ ಹಾಳೆಯ ಮೇಲೆ ತಪ್ಪು ಗೆರೆ ಎಳೆಯೋಕೆ ಕೈ ಹೆದರುತ್ತದೆ, ಅಲ್ವಾ? ಎಂಟು ಪುಟಕ್ಕೆ ನಿಂತಿತು.

ಮಣ್ಣೆತ್ತಿನ ಅಮಾವಾಸ್ಯೆಗೆ ಮಗಳಿಗೆ ಎತ್ತು ಮಾಡಿಕೊಡಲು ಹೊಲದಿಂದ ಎರೆಮಣ್ಣು ತಂದಿದ್ದೆ. ಜೋಡೆತ್ತು ಆಯಿತು, ಮುಂದೆ ಮೇವು ಹಾಕುವ ಗ್ವಾದಲಿ ಆಯಿತು, ಪೂಜೆಯೂ ಮುಗಿಯಿತು. ಉಳಿದ ಮುಷ್ಟಿ ಮಣ್ಣು ಹಿಡಿದು ಸುಮ್ನೆ ಕೂತೆ. ಎತ್ತಿನ ಮೈ, ಕೋಳಿ ಕಾಲು ಇರುವ ಏನೋ ಒಂದು ಆಯಿತು. ಇದು ನೇಗಿಲು ಎಳೆಯುವುದು ಹೇಗೆ ಅಂತ ಯೋಚನೆ ಹತ್ತಿತು. ಅವತ್ತು ರಾತ್ರಿ ಒಂದೂವರೆ ಪುಟ ಒಂದೇ ಉಸಿರಿಗೆ ಬರೆದೆ.

ಅಲ್ಲಿಂದ ದಿನಾ ಊಟದ ಮೇಲೆ 20 ನಿಮಿಷ. ಮೊದಲು ಕೈ, ಆಮೇಲೆ ತಲೆ. ಏನು ಮಾಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಬಾರದು. "ಇಷ್ಟು ದೊಡ್ಡಾವ ಆಗಿ ಮಣ್ಣಾಗ ಆಡ್ತೀಯಲ್ಲೋ" ಅಂದರು ಓಣಿಯವರು. ಇದು ವಾರಕ್ಕೆ ಬಿಟ್ಟುಹೋಗುವ ಹುಚ್ಚು ಅಂದರು ಗೆಳೆಯರು.

ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನಿಮಗೆ ಗೊತ್ತಿದ್ದದ್ದೇ. ಬೂದಿ ಬೆರೆಸಿದೆ, ಹತ್ತಿ ಬೆರೆಸಿದೆ, ಸಗಣಿ ಬೆರೆಸಿದೆ. ಒಂದು ಬೆಳಗ್ಗೆ ನೋಡಿದರೆ ಎತ್ತಿನ ಹಿಣಿಲಿನ ಮೇಲೆ ಅಡ್ಡ ಬಿರುಕು, ತುಟಿ ತೆರೆದ ಹಾಗೆ. ಒಳಗಿನಿಂದ ಜೋಳದ ದಂಟಿನ ಚೂರೊಂದು ನಾಲಿಗೆಯಂತೆ ಇಣುಕುತ್ತಿತ್ತು. ಬೆನ್ನಲ್ಲಿ ಬಾಯಿ ಇರುವ ಎತ್ತು! ಅದು ನೊಗದ ಜೊತೆ ಮಾತ್ರ ಮಾತಾಡುತ್ತದೆ. ಆ ಕಥೆ ಮೊದಲ ಸಲಕ್ಕೇ ಅಚ್ಚಾಯಿತು. ಅವತ್ತಿನಿಂದ ಮಣ್ಣಿಗೆ ಏನೂ ಬೆರೆಸುವುದಿಲ್ಲ.

ಮರುವರ್ಷ ದೊಡ್ಡ ತಪ್ಪು ಮಾಡಿದೆ. 60 ಜೋಡಿ ಎತ್ತು ಮಾಡಿ, ಬಣ್ಣ ಹಚ್ಚಿ, ಜೋಡಿಗೆ 30 ರೂಪಾಯಿಯಂತೆ ಮಾರಿದೆ. 40 ಜೋಡಿ ಹೋದವು, ಬಣ್ಣದ ಖರ್ಚು ಕಳೆದು 500 ಉಳಿಯಿತು. ಆದರೆ ಕೊಳ್ಳುವವರಿಗೆ ನೆಟ್ಟಗಿನ ಕೊಂಬೇ ಬೇಕು. ಕೈ ನೆಟ್ಟಗಿನ ಕೊಂಬೇ ಕಲಿತಿತು. ಮೂರು ತಿಂಗಳು ಒಂದು ಕಥೆ ಹುಟ್ಟಲಿಲ್ಲ. ಈಗ ಬರೆದು ಮುಗಿದ ಕೂಡಲೇ ಬೊಂಬೆಯನ್ನು ನೀರಿನ ಬಕೆಟ್‌ಗೆ ಹಾಕುತ್ತೇನೆ. ಬೆಳಗ್ಗೆ ಮತ್ತೆ ಬರೀ ಮಣ್ಣು.

ಆಷಾಢದ ಮಂಗಳವಾರ ಹುಡುಗಿಯರು ಪೂಜೆಗೆ ಮಣ್ಣಿನ ಬೊಂಬೆ ಗುಳ್ಳವ್ವನನ್ನು ಮಾಡುವಾಗ ಪಕ್ಕ ಕೂತು ನೋಡಿ. ಗುಲಗಂಜಿಯ ಕಣ್ಣು ಇಟ್ಟ ಕ್ಷಣಕ್ಕೆ ಮಣ್ಣಿನ ಜೊತೆ ಮಾತು ಶುರು ಮಾಡುತ್ತಾರೆ. ನಾನೂ ಈಗ ಮೊದಲು ಕಣ್ಣು ಇಡುತ್ತೇನೆ. ಆಮೇಲೆ ಅದಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ. ಯಾವ ಪ್ರಶ್ನೆ ಅಂತ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಗೋಳಗುಮ್ಮಟದಲ್ಲೂ ಪ್ರಯತ್ನ ಮಾಡಿದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಅರ್ಧ ವಾಕ್ಯ ಹೇಳಿ, ಮರಳಿ ಬಂದದ್ದನ್ನು ಬರೆದುಕೊಳ್ಳುವುದು. ಶಾಲೆ ಪ್ರವಾಸದ ಮಕ್ಕಳು ಬಂದರೆ ಬರೀ ಕೂಗು. ಐದಾರು ಸಲ ಹೋದೆ, ಎರಡು ಕಥೆ ಸಿಕ್ಕವು.

ಮೂರು ವರ್ಷದಲ್ಲಿ 70ರಷ್ಟು ಕಥೆ ಆಗಿವೆ, 25 ಅಚ್ಚಾಗಿವೆ. ಅನುಮಾನ ಪಟ್ಟ ಗೆಳೆಯರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಮಣ್ಣು ಒಯ್ಯುತ್ತಾರೆ.

ಹೋದ ಭಾನುವಾರ ಮಗಳ ಜೊತೆ ಮಲಿಕ್-ಎ-ಮೈದಾನ್ ತೋಪು ನೋಡಲು ಹೋಗಿದ್ದೆ. 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ತೋಪಿನ ಬಾಯಿಯೇ ಸಿಂಹದ ಬಾಯಿ, ಹಲ್ಲಿನ ನಡುವೆ ಆನೆ. ನಾನು ನೂರು ಸಲ ನೋಡಿದ್ದೇನೆ. ಅವಳು ಕೇಳಿದಳು, "ಅಪ್ಪಾ, ಆನೆ ಒಳಗ ಹೊಂಟೈತೋ, ಹೊರಗ ಬರಾಕತ್ತೈತೋ?"

ನಿನ್ನೆ ರಾತ್ರಿ ಆ ಆನೆಯನ್ನೇ ಮಾಡಿದೆ. ಸೊಂಡಿಲಿನ ಬುಡದಲ್ಲಿ ಸಣ್ಣ ಬಿರುಕು ಕಾಣುತ್ತಿದೆ. ಇನ್ನೂ ಬಕೆಟ್‌ಗೆ ಹಾಕಿಲ್ಲ.