ಹಿಮದ ಬೆಟ್ಟದಲ್ಲಿ ಬುತ್ತಿ ಬಿಚ್ಚುವ ಮೊದಲು: ಕ್ಯಾಲ್ಗರಿಗೆ ಬಂದ ನಮ್ಮ ಕಡೆಯವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಕೆನಡಾದ ಕ್ಯಾಲ್ಗರಿಗೆ ಬಂದವರು ಮೊದಮೊದಲು ಚಳಿಗೆ ಬೈಯುತ್ತಾ ಕೂರುತ್ತಾರೆ. ಆಮೇಲೆ ಯಾರದೋ ಫೋಟೊ ನೋಡಿ ಫೋನ್ ಮಾಡುತ್ತಾರೆ: "ಅಣ್ಣಾ, ಈ ಶನಿವಾರ ಸ್ನೋಶೂ ಹಾಕ್ಕೊಂಡು ಹೋಗೂಣೇನ್ರಿ?" ಸ್ನೋಶೂ ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲವಾದ ಚೌಕಟ್ಟು. ಹೋಗಿ, ಖಂಡಿತ ಹೋಗಿ. ಇಡೀ ಚಳಿಗಾಲ ಹೀಟರ್ ಮುಂದೆ ಕುಳಿತರೆ ತಲೆ ಕೆಡುತ್ತದೆ. ಆದರೆ ಫೋಟೊ ನೋಡಿ ದಾರಿ ಆರಿಸಬೇಡಿ. ಫೋಟೊದಲ್ಲಿ ಕಾಣುವುದು ಮುಂದಿರುವ ಕೆರೆ. ನೀವು ನೋಡಬೇಕಾದದ್ದು ತಲೆಯ ಮೇಲಿರುವ ಗುಡ್ಡ.

ಒಳಗೆ ಹೋಗಲು ಬೇಕಾದ ಪಾಸ್ ವಿಷಯ ಬೇಗ ಮುಗಿಸೋಣ. ಕ್ಯಾಲ್ಗರಿಯ ಪಶ್ಚಿಮದ ಬೆಟ್ಟಪ್ರದೇಶ ಕನನಾಸ್ಕಿಸ್‌ಗೆ ಗಾಡಿಗೆ ದಿನಕ್ಕೆ 15 ಡಾಲರ್, ವರ್ಷಕ್ಕೆ 90. ರಾಷ್ಟ್ರೀಯ ಉದ್ಯಾನವಾದ ಬ್ಯಾನ್ಫ್‌ಗೆ ಬೇರೆ ಪಾಸ್. ಎರಡೂ ಆನ್‌ಲೈನಲ್ಲಿ ಸಿಗುತ್ತವೆ. ಸ್ನೋಶೂ ಬಾಡಿಗೆಗೆ ತನ್ನಿ, ಮೊದಲ ವರ್ಷವೇ ಕೊಳ್ಳಬೇಡಿ.

ನಮಗೆ ಬೆಟ್ಟ ಅಂದರೆ ಕಲ್ಲು. ಬಾದಾಮಿಯ ಕೆಂಪು ಬಂಡೆ, ಸವದತ್ತಿಯ ಎಲ್ಲಮ್ಮನ ಗುಡ್ಡ. ಹತ್ತುವಾಗ ಕಾಲ ಕೆಳಗೆ ನೋಡಿಕೊಂಡರೆ ಸಾಕು. ಗುಡ್ಡವೇ ಮೈಮೇಲೆ ಬರಬಹುದು ಅಂತ ನಮಗೆ ಯಾರೂ ಕಲಿಸಲಿಲ್ಲ. ಕಲಿಸುವ ಅಗತ್ಯವೂ ಇರಲಿಲ್ಲ, ಅಲ್ವಾ?

ಹಾಗಾಗಿಯೇ ಒಂದು ಎಳ್ಳಮಾವಾಸ್ಯೆಯ ಹೊತ್ತಿಗೆ ನಾವು ನಾಲ್ಕಾರು ಮನೆಯವರು ದೊಡ್ಡ ಜಾಣತನ ಮಾಡಿದೆವು. ಊರಲ್ಲಾದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಊಟ. ಇಲ್ಲಿ ಹೊಲ ಎಲ್ಲಿಂದ ತರುವುದು? ಹಿಮಕ್ಕೇ ಹೋಗೋಣ ಎಂದು ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡೆವು. ಎಂಟಕ್ಕೆ ಹೊರಡುವುದೆಂದು ಮಾತು. ಗಾಡಿಗಳು ಹೊರಟದ್ದು ಹನ್ನೊಂದಕ್ಕೆ. ದಾರಿ ದಟ್ಟ ಮರಗಳ ನಡುವೆ ಇತ್ತು, ನೆರಳು, ಮೈ ಕೊರೆಯುವ ಚಳಿ. ಸ್ವಲ್ಪ ದೂರ ಹೋದ ಮೇಲೆ ಅಗಲವಾದ ಬಯಲು ಸಿಕ್ಕಿತು. ಬಿಸಿಲು ಬೇರೆ ಬಿದ್ದಿತ್ತು. ನಾಲ್ಕು ಜನ ಕೂತು ಉಣ್ಣಲು ನಮ್ಮವರು ಹುಡುಕುವುದೇ ಅಂಥ ಜಾಗ. ತಾಡಪತ್ರಿ ಹಾಸಿದೆವು, ಮಕ್ಕಳನ್ನು ಸಾಲಾಗಿ ಕೂರಿಸಿದೆವು, ಬುತ್ತಿ ಬಿಚ್ಚಿದೆವು.

ಸ್ಕೀ ಮಾಡುತ್ತಾ ಬಂದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. ಬೈಯಲಿಲ್ಲ. "ಸುತ್ತ ಇಷ್ಟು ಕಾಡಿದೆ, ಇಲ್ಲಿ ಮಾತ್ರ ಮರ ಯಾಕಿಲ್ಲ ಹೇಳಿ?" ಎಂದು ಕೇಳಿದರು. ಆಗ ತಲೆ ಎತ್ತಿ ನೋಡಿದೆವು. ಗುಡ್ಡದ ತುದಿಯಿಂದ ನಮ್ಮ ತಾಡಪತ್ರಿಯವರೆಗೆ, ಕಾಡಿನ ನಡುವೆ ಬೈತಲೆ ತೆಗೆದ ಹಾಗೆ ಬಿಳಿ ಪಟ್ಟಿ. ಅಂಚಿನ ಮರಗಳಲ್ಲಿ ಗುಡ್ಡದ ತುದಿಯ ಕಡೆಗಿದ್ದ ಕೊಂಬೆಗಳೆಲ್ಲ ಮುರಿದಿದ್ದವು. ಹಿಮ ಕುಸಿದು ಬರುವ ದಾರಿ ಅದು. ಮರಗಳನ್ನು ಕೊಚ್ಚಿಕೊಂಡು ಹೋದದ್ದರಿಂದಲೇ ಅಲ್ಲಿ ಬಯಲಿತ್ತು, ಬಯಲಿದ್ದುದರಿಂದ ಬಿಸಿಲಿತ್ತು. ಟ್ರೇಲ್ ಶುರುವಾಗುವಲ್ಲಿ ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದ ಫಲಕವೂ ಇತ್ತು. ನಾವು ಅದಕ್ಕೆ ಒರಗಿ ಗ್ರೂಪ್ ಫೋಟೊ ತೆಗೆಸಿಕೊಂಡಿದ್ದೆವು!

ಈಗ ಕೆಲಸದ ಮಾತು. ಹಿಮ ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. "ನಾವು ಇಳಿಜಾರು ಹತ್ತೋದೇ ಇಲ್ಲ, ಕೆಳಗೆ ಸಪಾಟು ದಾರಿಯಲ್ಲಿ ನಡೀತೀವಿ" ಎಂದು ಎಲ್ಲರೂ ಹೇಳುತ್ತಾರೆ. ಮೇಲೆ ಕುಸಿದದ್ದು ಕೆಳಗೇ ತಾನೇ ಬರುವುದು? 2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಎಂಬ ಘಾಟಿಯ ಹತ್ತಿರದ ಕೊನಾಟ್ ಕ್ರೀಕ್ ಕಣಿವೆಯಲ್ಲಿ ಕ್ಯಾಲ್ಗರಿ ಪಕ್ಕದ ಶಾಲೆಯೊಂದರ 17 ಜನರ ತಂಡ ಸ್ಕೀ ಮಾಡುತ್ತಿತ್ತು. ಅವರು ಇದ್ದದ್ದು ಕಣಿವೆಯ ತಳದಲ್ಲಿ. ಹಿಮ ಬಂದದ್ದು ಎಷ್ಟೋ ಮೇಲಿನ ಬೆಟ್ಟದಿಂದ, ತಾನಾಗಿಯೇ. ಏಳು ಮಕ್ಕಳು ತೀರಿಕೊಂಡರು.

ಆ ದುರಂತದ ನಂತರ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ದಾರಿಗಳನ್ನು ಹಿಮಕುಸಿತದ ಅಪಾಯದ ಮೇಲೆ ವಿಂಗಡಿಸಿತು: ಸಿಂಪಲ್, ಚಾಲೆಂಜಿಂಗ್, ಕಾಂಪ್ಲೆಕ್ಸ್. ಹೊಸಬರು ಸಿಂಪಲ್ ಬಿಟ್ಟು ಬೇರೆ ಕಡೆ ತಲೆ ಹಾಕಬೇಡಿ. ಇದು ನಡೆಯಲು ಸುಲಭವೋ ಕಷ್ಟವೋ ಎಂಬ ಲೆಕ್ಕ ಅಲ್ಲ. ಅಜ್ಜಿ ಕೂಡ ನಡೆಯಬಹುದಾದ ಸಪಾಟು ದಾರಿ ಕಾಂಪ್ಲೆಕ್ಸ್ ಆಗಿರಬಹುದು.

ಹಿಂದಿನ ಸಂಜೆ ಅವಲಾಂಚ್ ಕೆನಡಾ ಎಂಬ ಸಂಸ್ಥೆಯ ಹಿಮಕುಸಿತದ ಮುನ್ಸೂಚನೆ ಓದಿ. ಮರಗಳಿಲ್ಲದ ಎತ್ತರ, ಮರಗಳು ಮುಗಿಯುವ ಅಂಚು, ಅದರ ಕೆಳಗಿನ ಕಾಡು, ಮೂರಕ್ಕೂ ಬೇರೆ ಬೇರೆ ಅಪಾಯದ ಅಂಕ ಇರುತ್ತದೆ, 1ರಿಂದ 5. ನಮ್ಮವರಿಗೆ 3 ಕಂಡರೆ "ಐದಕ್ಕೆ ಮೂರು, ಪರವಾಗಿಲ್ಲ" ಅನ್ನಿಸುತ್ತದೆ. ಅಲ್ಲೇ ಎಡವುವುದು. 3 ಎಂದರೆ ಮನುಷ್ಯ ಕಾಲಿಟ್ಟರೆ ಹಿಮ ಕುಸಿಯುವ ಸಾಧ್ಯತೆಯೇ ಹೆಚ್ಚು ಎಂದು. 4, 5 ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ, 3ಕ್ಕೆ ಧೈರ್ಯ ಮಾಡಿ ಹೊರಡುತ್ತಾರೆ. ಚಿನೂಕ್ ಗಾಳಿ ಬೀಸಿ ಮೈನಸ್ ಇಪ್ಪತ್ತು ಇದ್ದದ್ದು ಒಮ್ಮೆಲೇ ಸೊನ್ನೆ ದಾಟಿದರೆ ನಮಗೆಲ್ಲ ಹಬ್ಬ. ಆದರೆ ಆ ಬಿಸಿಗೆ ಬೆಟ್ಟದ ಹಿಮ ಸಡಿಲವಾಗುತ್ತದೆ. ಅಂಥ ದಿನ ಊರೊಳಗಿನ ಪಾರ್ಕಲ್ಲಿ ತಿರುಗಾಡಿ ಬನ್ನಿ.

ಮೊದಲ ಸಲಕ್ಕೆ ಕನನಾಸ್ಕಿಸ್ ಕಡೆಯ ಟ್ರೋಲ್ ಫಾಲ್ಸ್ ಜಲಪಾತ. ಊರಿಂದ ಅಪ್ಪ, ಅವ್ವ ಬಂದಿದ್ದರೂ ಕರೆದುಕೊಂಡು ಹೋಗಬಹುದು. ಜನ ತುಳಿದು ತುಳಿದು ಹಿಮ ಗಟ್ಟಿಯಾಗಿರುತ್ತದೆ, ಸ್ನೋಶೂಗಿಂತ ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿಯೇ ವಾಸಿ. ಸ್ವಲ್ಪ ರೂಢಿಯಾದ ಮೇಲೆ ಅದೇ ಕಡೆಯ ಚೆಸ್ಟರ್ ಲೇಕ್ ಎಂಬ ಕೆರೆ. ಸುಮಾರು 300 ಮೀಟರ್ ಏರು, ಬಹುಪಾಲು ಕಾಡೊಳಗೆ. ಕೆರೆ ಸಿಕ್ಕಿತು ಅಂತ ಸುತ್ತಲಿನ ಇಳಿಜಾರಿನ ಕೆಳಗೆ ಹೋಗಿ ನಿಲ್ಲಬೇಡಿ. ಬ್ಯಾನ್ಫ್ ಕಡೆಯ ಲೇಕ್ ಲೂಯಿಸ್‌ನಲ್ಲಿ ದಂಡೆಯಲ್ಲೇ ನಡೆದು ಬನ್ನಿ. ಕೆರೆಯ ಆ ತುದಿ ದಾಟಿ ಸಿಕ್ಸ್ ಗ್ಲೇಸಿಯರ್ಸ್ ಕಡೆಗೆ ಬೇಸಿಗೆಯಲ್ಲಿ ಹೋಗುವ ದಾರಿ ಚಳಿಗಾಲದಲ್ಲಿ ಹಿಮ ಕುಸಿಯುವ ಜಾಗ. ಹೈವೂಡ್ ಪಾಸ್ ಕಡೆ ಹೋಗುವ ಹೈವೇ 40ಕ್ಕೆ ಡಿಸೆಂಬರ್ 1ರಿಂದ ಜೂನ್ 14ರವರೆಗೆ ಗೇಟು ಹಾಕಿರುತ್ತಾರೆ. ಹಿಮದಲ್ಲಿ ಜೋಡಿ ಗೆರೆ ಕಂಡರೆ ಅದು ಸ್ಕೀ ಮಾಡುವವರದ್ದು, ತುಳಿಯಬೇಡಿ. ಮಕ್ಕಳು ದೊಡ್ಡ ಮರಗಳ ಬುಡಕ್ಕೆ ಓಡದಂತೆ ನೋಡಿಕೊಳ್ಳಿ. ಕೊಂಬೆಗಳ ಕೆಳಗೆ ಹಿಮ ಪೊಳ್ಳಾಗಿರುತ್ತದೆ, ಒಳಗೆ ಬಿದ್ದರೆ ಹೊರಗೆ ಬರುವುದು ಕಷ್ಟ.

ಹಿಮದಡಿ ಸಿಕ್ಕವರು ಬದುಕುವುದು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ. ಆಮೇಲೆ ಆಸೆ ಬೇಗ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ಅಪಾಯದ ಜಾಗಕ್ಕೆ ಹೋಗುವುದೇ ಆದರೆ ಪ್ರತಿಯೊಬ್ಬರ ಹತ್ತಿರವೂ ಹೂತವರನ್ನು ಪತ್ತೆ ಹಚ್ಚುವ ರೇಡಿಯೊ ಸಾಧನವಾದ ಟ್ರಾನ್ಸ್‌ಸೀವರ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇರಬೇಕು. "ಗುಂಪಿನಲ್ಲಿ ಒಬ್ಬರ ಹತ್ರ ಇದ್ರೆ ಸಾಕು" ಅನ್ನುವುದು ಇಲ್ಲಿ ನಡೆಯುವುದಿಲ್ಲ, ಹೂತುಹೋದವನು ಅವನೇ ಆದರೆ? ಎಎಸ್‌ಟಿ-1 ಎಂಬ ಹಿಮಕುಸಿತದ ಮೊದಲ ಹಂತದ ತರಬೇತಿ ಇದೆ, ಮಾಡಿಕೊಳ್ಳಿ. ಅಲ್ಲಿಯವರೆಗೆ ಅಂಥ ಜಾಗ ಬೇಡವೇ ಬೇಡ.

ಹೊತ್ತಿನ ವಿಷಯದಲ್ಲಿ ನಮ್ಮ ಜನರ ಮೇಲೆ ನನಗೆ ಸಿಟ್ಟೇ ಬರುತ್ತದೆ. ವಿಜಯಪುರದಲ್ಲಿ ಡಿಸೆಂಬರ್‌ನಲ್ಲೂ 11 ಗಂಟೆ ಬೆಳಕಿರುತ್ತದೆ. ಇಲ್ಲಿ 8 ಗಂಟೆಯೂ ತುಂಬುವುದಿಲ್ಲ. ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಕಣಿವೆಯಲ್ಲಿ ಇನ್ನೂ ಬೇಗ. ಎಷ್ಟು ಗಂಟೆಗೆ ಹಿಂದಿರುಗಬೇಕು ಅಂತ ಮನೆಯಲ್ಲೇ ಗೊತ್ತು ಮಾಡಿ. ಆ ಹೊತ್ತಾದಾಗ ಗುಂಪಿನಲ್ಲಿ ಒಬ್ಬರಾದರೂ "ಇಷ್ಟ್ ದೂರ ಬಂದೀವಿ, ಇನ್ನೊಂದ್ ಸ್ವಲ್ಪ" ಅನ್ನುತ್ತಾರೆ. ಅವರ ಮಾತು ಕೇಳಬೇಡಿ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ. ಚೆಸ್ಟರ್ ಲೇಕ್ ಕಡೆ ಫೋನ್ ಸಿಗ್ನಲ್ ಇಲ್ಲ, ಎಲ್ಲಿಗೆ ಹೋಗುತ್ತೀರಿ, ಎಷ್ಟಕ್ಕೆ ಬರುತ್ತೀರಿ ಎಂದು ಊರಲ್ಲಿ ಉಳಿದವರಿಗೆ ಹೇಳಿ ಹೋಗಿ. ಫೋನನ್ನು ಜಾಕೆಟ್ ಒಳಗಿಡಿ, ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ.

ಹತ್ತಿ ಬಟ್ಟೆ ಬೇಡ, ಬನಿಯನ್ ಕೂಡ. ಬೆವರಿಗೆ ಒದ್ದೆಯಾದ ಹತ್ತಿ ಒಣಗುವುದೇ ಇಲ್ಲ, ನಿಂತ ಕೂಡಲೇ ನಡುಕ ಹಿಡಿಯುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿ, ನಡೆಯುವಾಗ ಒಂದು ಪದರ ತೆಗೆಯಿರಿ. ಯಾರಾದರೂ ತೊದಲಿದರೆ, ಎಡವಿದರೆ ದಣಿವು ಅಂದುಕೊಳ್ಳಬೇಡಿ, ಮೈ ತಣ್ಣಗಾಗುತ್ತಿದೆ. ಊರಿನ ಮಂಕಿ ಕ್ಯಾಪ್‌ಗೆ ಮಕ್ಕಳು ನಗುತ್ತಾರೆ, ನಗಲಿ. ಅಮೀನಗಡದ ಕರದಂಟು ಇದ್ದರೆ ಒಳಜೇಬಿನಲ್ಲಿಡಿ, ಹೊರಗಿಟ್ಟರೆ ಹಲ್ಲು ಹೋಗುತ್ತದೆ.

ಮಗಳು ಈಗ ಸ್ಕೀ ಕೋಲನ್ನು ಹಿಮಕ್ಕೆ ಚುಚ್ಚಿ, ಮೇಲೆ ಗಟ್ಟಿ, ಕೆಳಗೆ ಸಡಿಲ ಎನ್ನುತ್ತಾಳೆ. ನಮ್ಮಜ್ಜ ಎರೆ ಹೊಲದಲ್ಲಿ ಹೆಂಟೆ ಒಡೆದು ನೋಡಿ ಹಸಿ ಎಷ್ಟಿದೆ ಎಂದು ಹೇಳುತ್ತಿದ್ದರು. ನನಗೆ ಎರಡೂ ಬರುವುದಿಲ್ಲ. ಅವಳಿಗೆ ಬಿಳಿಜೋಳದ ತೆನೆ ಯಾವುದು, ಸಜ್ಜೆಯ ತೆನೆ ಯಾವುದು ಗೊತ್ತಿಲ್ಲ, ತೋರಿಸಲು ನನ್ನ ಹತ್ತಿರ ಹೊಲವೂ ಇಲ್ಲ. ಚರಗ ಯಾಕೆ ಎಂದು ಕೇಳಿದಳು. ಭೂಮಿತಾಯಿಗೆ ಉಣಿಸುವುದು ಎಂದೆ. "ಇಲ್ಲಿ ಹಾಗೆ ಅನ್ನ ಚೆಲ್ಲಬಾರದು ಅಪ್ಪಾ" ಎಂದಳು. ಅವಳ ಮಾತು ಸರಿ. ರಾಷ್ಟ್ರೀಯ ಉದ್ಯಾನದಲ್ಲಿ ಕಾಡುಪ್ರಾಣಿಗೆ ತಿನ್ನಲು ಹಾಕುವುದು ಅಪರಾಧ, ಕಿತ್ತಳೆ ಸಿಪ್ಪೆಯನ್ನೂ ವಾಪಸ್ ತರಬೇಕು.

ಹಾಗಾಗಿ ಚರಗವನ್ನು ಬೆಳಿಗ್ಗೆ ಮನೆಯ ಹಿತ್ತಲಲ್ಲೇ ಮುಗಿಸುತ್ತೇವೆ, ಬೇಸಿಗೆಯಲ್ಲಿ ಮೆಂತ್ಯ ಹಾಕುವ ಮಡಿಯ ಮೇಲೆ, ಹಿಮ ಸರಿಸಿ. ಎಂಟಕ್ಕೆ ಗಾಡಿ ಹೊರಡುತ್ತದೆ. ಊಟ ಮರಗಳ ನಡುವೆ, ಇಲ್ಲವೇ ಪಾರ್ಕಿಂಗ್ ಜಾಗದಲ್ಲಿ ಗಾಡಿಯ ಡಿಕ್ಕಿ ತೆಗೆದು. ತಡವಾಗಿ ಬಂದವರಿಗೆ ಕಾಯುವುದಿಲ್ಲ. ಇದರಿಂದ ಒಂದಿಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಬಿಡಲಿ. ಬರುವವರು ಹಿಂದಿನ ರಾತ್ರಿಯೇ ಫೋನ್ ಮಾಡಿ, ರೊಟ್ಟಿ ಎಷ್ಟು ಬಡಿಯಬೇಕು ಅಂತ ಮನೆಯಲ್ಲಿ ಲೆಕ್ಕ ಹೇಳಬೇಕು.