ಕೂಗಳತೆ

ಅವ್ವ ನಮ್ಮನ್ನು ಊಟಕ್ಕೆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾಫಿ ಕಣದ ಅಂಚಿಗೆ ಬಂದು ನಿಂತು 'ಕೂ...' ಅಂತ ಕೂಗುತ್ತಿದ್ದಳು. ತಗ್ಗಿನಲ್ಲಿ ಶುರುವಾಗಿ ಮೇಲಕ್ಕೆ ಏರುವ ಕೂಗು. ತೋಟದ ಕೆಳಗೆ ತೋಡಿನ ಹತ್ತಿರ ಇರುತ್ತಿದ್ದ ನಾನು 'ಓ' ಅನ್ನಬೇಕು. ಅಷ್ಟಾದರೆ ಆಯಿತು, ಅವಳು ಒಳಗೆ ಹೋಗಿ ತಟ್ಟೆ ಹಾಕುತ್ತಿದ್ದಳು. ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದ ಕಡೆ. ಇಳಿಜಾರು ತೋಟ. ಅಂಥ ಕಡೆ ಹೆಸರು ಮರಗಳ ನಡುವೆ ಚೂರಾಗಿಬಿಡುತ್ತದೆ, ಕೂಗು ಮಾತ್ರ ಇಡಿಯಾಗಿ ತಲುಪುತ್ತದೆ.

ಮೂರು ವರ್ಷದ ಹಿಂದೆ ಜುಲೈಯಲ್ಲಿ ಅವ್ವ ತೀರಿಕೊಂಡಳು. ಮಳೆ ಜಾಸ್ತಿ ಇರುವ ತಿಂಗಳು. ಬಂದವರೆಲ್ಲ ಮಾತಾಡಿದರು, ಸಮಾಧಾನ ಹೇಳಿದರು. ನನಗೆ ಒಂದು ಮಾತೂ ಹೊರಡಲಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗ ಒಂದು ಸಂಜೆ ಕಣದ ಅಂಚಿನಲ್ಲಿ ನಿಂತಿದ್ದೆ. ಗೊತ್ತಿಲ್ಲದೆ ಬಾಯಿಂದ ಅದೇ ಕೂಗು ಬಂತು. ಎದುರು ಗುಡ್ಡಕ್ಕೆ ಬಡಿದು ತಿರುಗಿಯೂ ಬಂತು. ಆ ಕೂಗಿನಿಂದ ನಾನು ಮಾಡಿದ ಒಂಬತ್ತು ನಿಮಿಷದ ಕೃತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಲ್ಯಾಪ್‌ಟಾಪ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವನು. ತಾಳ ಇಲ್ಲದ, ನಿಧಾನವಾಗಿ ಬದಲಾಗುವ ನಾದ. ಅಲ್ಲಿಯವರೆಗೆ ಅದರಲ್ಲಿ ನನ್ನ ಗಂಟಲು ಬಳಸಿರಲಿಲ್ಲ. ನಮ್ಮ ನೆರೆಯ ಕೊಡವರಲ್ಲಿ ಸಾವಿನ ಹಾಡುಗಳೇ ಇವೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯಲ್ಲಿ ಅವು ದಾಖಲಾಗಿವೆ. ಅಂಥ ಹಾಡಿಗೆ ಮಾತು ಬೇಕು, ಜೊತೆಗೆ ಹಾಡುವವರು ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಇದ್ದದ್ದು ಒಂದು ಕೂಗು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಅಳು ಬಂದಾಗಲೆಲ್ಲ ಓಡಿಹೋಗಿ ರೆಕಾರ್ಡರ್ ಹಚ್ಚುತ್ತಿದ್ದೆ. ನಿಜವಾದ ದುಃಖ ಅದರಲ್ಲೇ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. ಅಳುವಾಗ ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ, ಸ್ವರ ನಿಲ್ಲುವುದೇ ಇಲ್ಲ. ಮರುದಿನ ಕೇಳಿದರೆ ಬೇರೆ ಯಾರೋ ಅತ್ತ ಹಾಗಿತ್ತು. ಅದಕ್ಕೆ ಎಂಟು ಸೆಕೆಂಡಿನ ರಿವರ್ಬ್, ಅಂದರೆ ದನಿ ನಿಂತ ಮೇಲೂ ಉಳಿಯುವ ಗುಂಗು, ಹಾಕಿದೆ. ದೊಡ್ಡ ಕಲ್ಲಿನ ಗುಡಿಯೊಳಗೆ ಹಾಡಿದಂತೆ ಆಯಿತು. ಕೇಳಲು ಚೆನ್ನಾಗಿತ್ತು, ಅದೇ ತೊಂದರೆ. ರಿವರ್ಬ್ ಎಲ್ಲ ದುಃಖವನ್ನೂ ಒಂದೇ ಥರ ಚಂದ ಮಾಡುತ್ತದೆ. ನಮ್ಮ ಕಣದಲ್ಲಿ ಗುಡಿ ಇಲ್ಲವಲ್ಲ! ಐದು ಫೈಲು ಅಳಿಸಿದೆ.

ಆಮೇಲೆ ಗೋಡೌನಿಗೆ ಹೋದೆ. ಸುತ್ತ ಕಾಫಿ ಮೂಟೆ ಪೇರಿಸಿತ್ತು. ಗೋಣಿಚೀಲ ಸದ್ದನ್ನು ಚೆನ್ನಾಗಿ ಹೀರುತ್ತದೆ. ನಡುವೆ ಕೂತರೆ ನಮ್ಮ ದನಿ ಬಾಯಿಯಿಂದ ಒಂದು ಗೇಣು ದಾಟಿ ಹೋಗುವುದಿಲ್ಲ ಅನ್ನಿಸುತ್ತದೆ. ಸಣ್ಣ ಜೂಮ್ ರೆಕಾರ್ಡರನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟೆ. ಎದುರಿಗೇ ಇಟ್ಟರೆ ಉಸಿರು ನೇರ ಬಡಿದು 'ಡಬ್' ಅನ್ನುತ್ತದೆ. ಅಳು ಬಂದ ದಿನ ಒಳಗೆ ಹೋಗುತ್ತಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಬೆಳಿಗ್ಗೆ ಹೋಗುತ್ತಿದ್ದೆ. ಗಂಟಲು ಸಡಿಲವಾಗಿದ್ದಾಗ ಒಳಗೆ ಇದ್ದದ್ದು ತಾನೇ ಸ್ವರಕ್ಕೆ ಬರುತ್ತದೆ, ಜಾಸ್ತಿಯಾಗಿ ಸ್ವರ ಮುಗಿಯುವ ಜಾಗದಲ್ಲಿ. ಉಸಿರು ಖಾಲಿಯಾಗುವ ಆ ಕೊನೆಯ ಅರ್ಧ ಸೆಕೆಂಡನ್ನು ನಾನು ಒಂದು ಕಡೆಯೂ ಕತ್ತರಿಸಿಲ್ಲ.

ಈಗ ಮುಖ್ಯ ವಿಷಯ. ಮಾತಿಲ್ಲದ ದನಿ ಅಂದರೆ ಅರ್ಥವಿಲ್ಲದ ದನಿ ಅಂತ ನಾನೂ ಅಂದುಕೊಂಡಿದ್ದೆ. ಸ್ವರ ಯಾವುದಾದರೇನು, ಆ, ಊ, ಓ, ಎಲ್ಲ ಒಂದೇ ಅಲ್ವಾ? ಅಲ್ಲ. ನಾಲಿಗೆ, ತುಟಿಯ ಆಕಾರ ಬದಲಾದರೆ ಬಾಯೊಳಗೆ ಅನುರಣಿಸುವ ಜಾಗಗಳು ಬದಲಾಗುತ್ತವೆ. ಗಂಡಸಿನ 'ಊ'ನಲ್ಲಿ ಹಾಗೆ ಅನುರಣಿಸಿ ದನಿ ಗಟ್ಟಿಯಾಗುವ ಮೊದಲ ಎರಡು ಮಟ್ಟ ಸುಮಾರು 300 ಮತ್ತು 800 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಇರುತ್ತವೆ. 'ಆ'ನಲ್ಲಿ 700 ಮತ್ತು 1100ರ ಆಸುಪಾಸು. ಅದಕ್ಕೇ 'ಆ' ಕೇಳುವವರ ಮುಖಕ್ಕೆ ಬಂದ ಹಾಗಿರುತ್ತದೆ, 'ಊ' ಎಲ್ಲೋ ಒಳಗೆ ಉಳಿದ ಹಾಗಿರುತ್ತದೆ. ಇದು ಯಾವ ದೇಶದ ಕಿವಿಗಾದರೂ ಸರಿ. ಆದರೆ ಕನ್ನಡದ ಕಿವಿಗೆ ಇನ್ನೊಂದು ಇದೆ. 'ಓ' ನಮಗೆ ಬರೀ ಸ್ವರವಲ್ಲ, ಉತ್ತರ. ಓಗೊಡುವುದು ಅನ್ನುವ ಮಾತೇ ಅಲ್ಲಿಂದ ಬಂದದ್ದು. ನಾನು ಮೊದಲ ಕರಡಿನಲ್ಲಿ 'ಓ'ವನ್ನು ಧಾರಾಳವಾಗಿ ಬಳಸಿದ್ದೆ. ಕೇಳಿದಾಗ ಎದೆ ಹಗುರವಾಗುತ್ತಿತ್ತು. ಯಾಕೆ ಅಂತ ತಿಳಿಯಲು ಒಂದು ವಾರ ಬೇಕಾಯಿತು. ಅಲ್ಲಿ ಯಾರೋ ಉತ್ತರ ಕೊಡುತ್ತಿದ್ದರು. ಉತ್ತರ ಕೊಡುವವರು ಯಾರೂ ಇರಲಿಲ್ಲವಲ್ಲ. ಎಲ್ಲ 'ಓ' ತೆಗೆದೆ. ಉಳಿದದ್ದು 'ಊ', ಬಾಯಿ ಮುಚ್ಚಿದ 'ಮ್', ಮತ್ತೆ ಬರೀ ಉಸಿರಿನ 'ಹ'.

ಇಂಥ ದಾರಿಯಲ್ಲಿ ನಡೆದವರು ಮೊದಲೇ ಇದ್ದಾರೆ. ಇಟಲಿಯ ಸಂಗೀತಕಾರ ಲುಚಾನೊ ಬೆರಿಯೊ 1961ರಲ್ಲಿ ಮಾಡಿದ ಟೇಪ್ ಕೃತಿ 'ವಿಸಾಜ್'ನಲ್ಲಿ ಗಾಯಕಿ ಕ್ಯಾಥಿ ಬರ್ಬೇರಿಯನ್ ನಗುತ್ತಾಳೆ, ನರಳುತ್ತಾಳೆ, ಅಳುತ್ತಾಳೆ, ಭಾಷೆಯಂತೆ ಕೇಳಿಸುವ ಏನೇನೋ ಉಲಿಯುತ್ತಾಳೆ. ಇಪ್ಪತ್ತು ನಿಮಿಷ ಮೀರಿದ ಕೃತಿಯಲ್ಲಿ ಅರ್ಥವಾಗುವ ಪದ ಒಂದೇ, 'ಪರೋಲೆ', ಇಟಾಲಿಯನ್‌ನಲ್ಲಿ 'ಮಾತುಗಳು'. ನಮ್ಮಲ್ಲಿ ಆಲಾಪ ಕೇಳಿ ಬೆಳೆದವರಿಗೆ ಇದು ಅಷ್ಟು ಹೊಸದಲ್ಲ. ಆದರೆ ಆಲಾಪಕ್ಕೆ ರಾಗದ ಆಸರೆ ಇದೆ. ನಾನು ಬೇಕೆಂದೇ ರಾಗ ಹಿಡಿಯಲಿಲ್ಲ. ಹಿಡಿದಿದ್ದರೆ ಅವ್ವನ ಕೂಗು ಹಾಡಾಗಿಬಿಡುತ್ತಿತ್ತು.

ಇನ್ನೊಂದು ನಿರ್ಧಾರ ಕಷ್ಟವಾಯಿತು. ನನ್ನ ಫೋನಿನಲ್ಲಿ ಅವ್ವನ ನಾಲ್ಕು ಸೆಕೆಂಡಿನ ವಾಯ್ಸ್ ಮೆಸೇಜ್ ಒಂದಿದೆ. ಗ್ರ್ಯಾನ್ಯುಲರ್ ಅನ್ನುವ ವಿಧಾನದಲ್ಲಿ ದನಿಯನ್ನು ಸಾಸಿವೆ ಕಾಳಿನ ಹಾಗೆ ಸಣ್ಣ ಸಣ್ಣ ಚೂರು ಮಾಡುತ್ತಾರೆ. ಒಂದೊಂದು ಚೂರು ಸೆಕೆಂಡಿನ ನೂರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದಷ್ಟು. ಅವನ್ನು ಒಂದರ ಮೇಲೊಂದು ಹರಡಿದರೆ ನಾಲ್ಕು ಸೆಕೆಂಡು ನಾಲ್ಕು ನಿಮಿಷ ಆಗುತ್ತದೆ. ಮಾಡಿ ನೋಡಿದೆ. ಅವ್ವನ ದನಿ ಮೋಡದ ಹಾಗೆ ಕೋಣೆ ತುಂಬಿತು. ಸ್ವಲ್ಪ ಹೊತ್ತಿಗೆ ನಾನು ಗುಂಡಿ ತಿರುಗಿಸಿ ಚೂರಿನ ಗಾತ್ರ ಹೊಂದಿಸುತ್ತಾ ಕೂತಿದ್ದೆ. ಅವ್ವ ನನ್ನ ವಾದ್ಯವಾಗಿದ್ದಳು. ತಕ್ಷಣ ನಿಲ್ಲಿಸಿದೆ. ಆ ಮೆಸೇಜ್ ಈಗಲೂ ಫೋನಿನಲ್ಲಿ ಹಾಗೇ ಇದೆ. ಕೃತಿಯಲ್ಲಿ ಇರುವ ಮೋಡ ಪೂರ್ತಿ ನನ್ನ 'ಮ್'ನದು. ಬೇರೆಯವರು ತಮ್ಮವರ ದನಿ ಬಳಸಿದರೆ ತಪ್ಪು ಅನ್ನುವುದಿಲ್ಲ, ನನ್ನಿಂದ ಆಗಲಿಲ್ಲ.

ರಿವರ್ಬ್ ಬಿಟ್ಟ ಮೇಲೆ ಜಾಗ ತೋರಿಸುವುದು ಹೇಗೆ? ಗುಡ್ಡವನ್ನೇ ಕೇಳಿದೆ. ಗಾಳಿ ಇಲ್ಲದ ಬೆಳಿಗ್ಗೆ ಕಣದಲ್ಲಿ ನಿಂತು ಕೂಗಿ ರೆಕಾರ್ಡ್ ಮಾಡಿದೆ. ಕೂಗಿಗೂ ಮಾರ್ದನಿಗೂ ನಡುವೆ 1.2 ಸೆಕೆಂಡು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರುವ ಲೆಕ್ಕ ಹಾಕಿದರೆ ಎದುರು ಗುಡ್ಡ 200 ಮೀಟರ್ ಆಚೆ. ನಮ್ಮ ಮನೆಯ ಕೂಗಳತೆ ಅಷ್ಟು. 2018ರ ಆಗಸ್ಟ್‌ನ ಮಳೆಯಲ್ಲಿ ಆ ಗುಡ್ಡದ ಒಂದು ಮಗ್ಗುಲು ಜಾರಿತ್ತು. ಮರ ಹೋಗಿ ಕೆಂಪು ಮಣ್ಣು ಉಳಿಯಿತು. 'ಈಗ ಕೂಗಿದ್ದು ಗಟ್ಟಿಯಾಗಿ ತಿರುಗಿ ಬರ್ತದೆ ನೋಡು' ಅಂತ ಅವ್ವ ಆಗ ಹೇಳಿದ್ದಳು.

ಕೃತಿಯ ಕೊನೆಗೆ ನಾಲ್ಕು ಕೂಗು ಇಟ್ಟೆ. ಮೊದಲ ಕೂಗಿಗೆ ಮಾರ್ದನಿ 1.2 ಸೆಕೆಂಡಿಗೆ, ಗುಡ್ಡ ಇದ್ದಲ್ಲೇ. ಎರಡನೆಯದಕ್ಕೆ ಡಿಲೇಯನ್ನು, ಅಂದರೆ ಮಾರ್ದನಿ ಬರುವ ಮುಂಚಿನ ಅಂತರವನ್ನು, 3 ಸೆಕೆಂಡಿಗೆ ಎಳೆದೆ. ಗುಡ್ಡ 500 ಮೀಟರ್ ದೂರ ಹೋಯಿತು. ಮೂರನೆಯದಕ್ಕೆ ಮಾರ್ದನಿ ಇಲ್ಲ. ಹದಿನಾಲ್ಕು ಸೆಕೆಂಡು ಗೋಡೌನಿನ ಸಣ್ಣ ಗುಂಯ್ ಅನ್ನುವ ಸದ್ದು ಮಾತ್ರ. ಆಮೇಲೆ ನಾಲ್ಕನೆಯ ಕೂಗು, ಅಲ್ಲಿಗೆ ಮುಗಿಯುತ್ತಿತ್ತು.

ಅಕ್ಕ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂರಿಸಿ ಹೆಡ್‌ಫೋನ್ ಕೊಟ್ಟೆ. ಇಂಥ ಸಂಗೀತ ಅವಳು ಕೇಳುವವಳಲ್ಲ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು:

'ನಾಲ್ಕನೇ ಸಲ ಅವ್ವ ಯಾವತ್ತು ಕೂಗಿದ್ದಾಳೋ? ಮೂರು ಸಲ ಅಷ್ಟೇ. ಆಮೇಲೆ ಹುಡುಕಿಕೊಂಡು ಬರ್ತಿದ್ಲಲ್ಲ.'

ನಾಲ್ಕನೆಯ ಕೂಗು ತೆಗೆದೆ. ಮರುದಿನ ರೆಕಾರ್ಡರನ್ನು ಅಂಗಿಗೆ ಸಿಕ್ಕಿಸಿಕೊಂಡು ಕಣದ ಅಂಚಿನಿಂದ ತೋಡಿನವರೆಗೆ ಇಳಿದೆ. ಸಿಲ್ವರ್ ಓಕ್‌ನ ಒಣಗಿದ ಎಲೆ ತುಳಿಯುವ ಸದ್ದು, ನನ್ನ ಉಸಿರು, ಕೊನೆಗೆ ನೀರು. ಹದಿನಾಲ್ಕು ಸೆಕೆಂಡಿನ ಆಚೆ ಈಗ ಅದಿದೆ.