ಮೂರನೇ ವಾರದ ನಾದ: ಬೇಸ್ ಗಿಟಾರಿಗೆ ನಾನು ತಂತಿ ಆರಿಸಿಕೊಂಡ ಬಗೆ

ಹೊಸ ತಂತಿ ಹಾಕಿದ ದಿನ ಕಿವಿಗೆ ಬೀಳುವ ನಾದವನ್ನು ನಂಬಿ ಬೇಸ್ ಗಿಟಾರಿನ ತಂತಿಯನ್ನು ಆರಿಸಬಾರದು ಎಂಬುದನ್ನು ಕಲಿಯಲು ನನಗೆ ಸುಮಾರು ಆರು ವರ್ಷ ಹಿಡಿಯಿತು. ನಾನಿರುವುದು ಮಂಗಳೂರಿನಲ್ಲಿ. ನುಡಿಸುವುದು ಹೆಚ್ಚಾಗಿ ಗಣೇಶೋತ್ಸವ ಮತ್ತು ರಾಜ್ಯೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ, ಮದುವೆಯ ಮುನ್ನಾದಿನದ ರೋಸ್ ಸಮಾರಂಭಗಳಲ್ಲಿ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಸೆಕೆ, ಬೆವರು ಮತ್ತು ಕಡಲಿನಿಂದ ಬರುವ ಉಪ್ಪು. ಇಂಥ ಊರಿನಲ್ಲಿ ಸಾಮಾನ್ಯ ತಂತಿಯ ಹೊಳಪು ನನ್ನ ಕೈಯಲ್ಲಿ ಹದಿನೈದು ದಿನ ಉಳಿದರೆ ಹೆಚ್ಚು. ಹಾಗಿರುವಾಗ ಆ ಹದಿನೈದು ದಿನಗಳ ಸೊಗಸಿಗಾಗಿ ಹಣ ಕೊಡುವುದಕ್ಕಿಂತ, ಅದು ಹೋದ ಮೇಲೆ ಉಳಿಯುವ ನಾದ ಯಾವುದು ಎಂದು ಮೊದಲೇ ತಿಳಿದುಕೊಳ್ಳುವುದು ಮುಖ್ಯ.

ನನ್ನ ತಾಯಿ ವೀಣೆ ನುಡಿಸುತ್ತಿದ್ದರು. ಕಛೇರಿಯ ಹಿಂದಿನ ದಿನ ತಂತಿ ಬದಲಾಯಿಸಲು ಅವರು ಎಂದೂ ಒಪ್ಪುತ್ತಿರಲಿಲ್ಲ. ತಂತಿ ಬಿರಡೆಗೆ ಸುತ್ತಿಕೊಂಡು, ಕುದುರೆಯ ಮೇಲೆ ಕೂತು, ಶ್ರುತಿಯಲ್ಲಿ ನಿಲ್ಲಲು ಕೆಲವು ದಿನ ಬೇಕು ಎನ್ನುತ್ತಿದ್ದರು. ಎಡಗೈ ಬೆರಳುಗಳಿಗೆ ಸವರಿಕೊಳ್ಳಲು ಕೊಬ್ಬರಿ ಎಣ್ಣೆಯ ಪುಟ್ಟ ಬಟ್ಟಲೊಂದು ಪಕ್ಕದಲ್ಲೇ ಇರುತ್ತಿತ್ತು. ಆ ಎಣ್ಣೆಯ ಬೆರಳು ಸಾರಣಿ ತಂತಿಯ ಮೇಲೆ ಸದ್ದಿಲ್ಲದೆ ಜಾರುವುದನ್ನು ಕೇಳಿ ಬೆಳೆದ ನನಗೆ, ಬೇಸ್ ಗಿಟಾರ್ ಹಿಡಿದ ಮೊದಲ ದಿನವೇ ಬೆರಳಡಿಯ ಗರಗರ ಸದ್ದು ಕಸಿವಿಸಿ ಉಂಟುಮಾಡಿತ್ತು. ಆದರೂ ಅದು ತಂತಿಯ ಗುಣ, ಅದನ್ನು ಬದಲಾಯಿಸಬಹುದು ಎಂದು ಹೊಳೆಯಲಿಲ್ಲ. ಬೇಸ್ ಎಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ.

ಆ ಗರಗರಕ್ಕೆ ಕಾರಣ ತಂತಿಯ ಹೊರಸುತ್ತು. ಬೇಸ್ ತಂತಿಯ ನಡುವೆ ಉಕ್ಕಿನ ಒಂದು ಎಳೆ ಇರುತ್ತದೆ. ಅದರ ಮೇಲೆ ಬೇರೆ ಲೋಹದ ಎಳೆಯನ್ನು ಸುತ್ತಿರುತ್ತಾರೆ. ಸುತ್ತಿದ ಎಳೆ ದುಂಡಗಿದ್ದರೆ ಅದು ರೌಂಡ್‌ವೌಂಡ್; ಮೇಲಿನ ಸುತ್ತು ಚಪ್ಪಟೆ ಪಟ್ಟಿಯಾಗಿದ್ದರೆ ಫ್ಲಾಟ್‌ವೌಂಡ್. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದಾಗ ಬಳಕೆಯಲ್ಲಿದ್ದದ್ದು ಚಪ್ಪಟೆ ಸುತ್ತಿನ ತಂತಿಗಳೇ. ಪಿಯಾನೋದ ಕೆಳಸ್ಥಾಯಿಯಂತೆ ಮೊಳಗುವ ತಂತಿ ಬೇಕೆಂದು ದಿ ಹೂ ಎಂಬ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಇಂಗ್ಲೆಂಡಿನ ರೋಟೊಸೌಂಡ್ ಕಂಪನಿಯ ಜೊತೆ ಕೂತು ಕೆಲಸ ಮಾಡಿದ್ದು 1966ರಲ್ಲಿ. ರಾಕ್ ಸಂಗೀತದಲ್ಲಿ ಇಂದು ನಾವು ಕೇಳುವ ಖಣಖಣ ಬೇಸ್ ಬಹುಮಟ್ಟಿಗೆ ಆ ದುಂಡು ಸುತ್ತಿನ ಕೊಡುಗೆ.

ನಾನು ಶುರು ಮಾಡಿದ್ದೂ ಅಲ್ಲಿಂದಲೇ. ಸ್ಟೇನ್‌ಲೆಸ್ ಸ್ಟೀಲಿನ ರೌಂಡ್‌ವೌಂಡ್ ತಂತಿ ಹಾಕಿ ಮನೆಯ ಸಣ್ಣ ಆಂಪ್ಲಿಫೈಯರಿನಲ್ಲಿ ನುಡಿಸಿದಾಗ ಒಂದೊಂದು ಸ್ವರವೂ ಕಂಚಿನ ಗಂಟೆಯಂತೆ ಕೇಳಿಸಿತು. ಮೈದಾನದ ವೇದಿಕೆಗೆ ಹೋದಾಗ ಆ ಗಂಟೆಯೇ ಅಡ್ಡಿಯಾಯಿತು. ಬೇಸಿನ ಅತಿ ಕೆಳಗಿನ ಇ ತಂತಿಯ ಮೂಲ ಕಂಪನ 41.2 ಹರ್ಟ್ಸ್. ನಮ್ಮ ಬಯಲು ಕಾರ್ಯಕ್ರಮಗಳ ಅನೇಕ ಸ್ಪೀಕರುಗಳಿಗೆ ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವ ಶಕ್ತಿಯಿಲ್ಲ; ಕೇಳುಗರಿಗೆ ತಲುಪುವುದು ಅದರ ಎರಡು, ಮೂರು ಪಟ್ಟು ಕಂಪನದ ಉಪಸ್ವರಗಳು, ಅವುಗಳಿಂದ ಮೂಲಸ್ವರವನ್ನು ಕಟ್ಟಿಕೊಳ್ಳುವುದು ಕಿವಿಯ ಕೆಲಸ. ಆದ್ದರಿಂದ ತಂತಿಗೆ 80ರಿಂದ 200 ಹರ್ಟ್ಸ್ ಆಸುಪಾಸಿನಲ್ಲಿ ತುಂಬು ದನಿ ಇರಬೇಕು. ಸ್ಟೇನ್‌ಲೆಸ್ ತಂತಿಯ ಕಸುವೆಲ್ಲ ಅದಕ್ಕಿಂತ ಬಹಳ ಮೇಲಿತ್ತು, ಅಲ್ಲಿ ಆಗಲೇ ಕೀಬೋರ್ಡ್, ಢೋಲಕ್, ರಿದಂ ಪ್ಯಾಡ್ ಮೂರೂ ಜಾಗ ಹಿಡಿದು ಕೂತಿದ್ದವು. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ತಾನೇ ಒಂದು ಹಾಡಿನಂತೆ ಹರಿಯುತ್ತದೆ. ಅಂಥ ಹಾಡು ನುಡಿಸುವಾಗ ಬೆರಳು ಸರಿಯುವ ಕಿರುಗುಟ್ಟುವಿಕೆಯೇ ಸ್ವರಕ್ಕಿಂತ ಮುಂದೆ ಬರುತ್ತಿತ್ತು.

ಇದರ ಮೇಲೆ ತಂತಿ ಸಾಯುವ ಸಮಸ್ಯೆ. ದುಂಡು ಸುತ್ತಿನ ಎರಡು ಎಳೆಗಳ ನಡುವೆ ಸಂದು ಇರುತ್ತದೆ. ಬೆವರು, ಚರ್ಮದ ಪುಡಿ, ಧೂಳು ಅಲ್ಲಿ ಹೋಗಿ ಕೂರುತ್ತವೆ. ಅವು ಸುತ್ತುಗಳ ಚಲನೆಯನ್ನು ತಡೆದು ಮೊದಲು ಮೇಲಿನ ಉಪಸ್ವರಗಳನ್ನು ಕೊಲ್ಲುತ್ತವೆ, ಆಮೇಲೆ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇಲ್ಲದಂತೆ ಮಾಡಿ ಶ್ರುತಿಯನ್ನೂ ಕೆಡಿಸುತ್ತವೆ. ತಂತಿ ಬಿಚ್ಚಿ ನೀರಿನಲ್ಲಿ ಕುದಿಸಿದರೆ ಜೀವ ಬರುತ್ತದೆ ಎಂದು ಸಹವಾದಕರು ಹೇಳಿದರು. ಹತ್ತು ನಿಮಿಷ ಕುದಿಸಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು, ನಾದ ನಿಜವಾಗಿಯೂ ಮರಳಿತು. ಆದರೆ ಅದು ನಿಂತದ್ದು ನಾಲ್ಕೈದು ದಿನ ಮಾತ್ರ. ನಮ್ಮ ಹವೆಯಲ್ಲಿ ಸುತ್ತಿನೊಳಗೆ ಸೇರಿದ ತೇವ ಪೂರ್ತಿ ಆರುವುದಿಲ್ಲ. ಎರಡನೇ ಸಲ ಕುದಿಸಿದ ಸೆಟ್ಟಿನ ಜಿ ತಂತಿಯಲ್ಲಿ ತುಕ್ಕು ಕಾಣಿಸಿಕೊಂಡ ಮೇಲೆ ಆ ಪ್ರಯೋಗವನ್ನು ಬಿಟ್ಟೆ.

ಫ್ಲಾಟ್‌ವೌಂಡ್ ಕಡೆಗೆ ನನ್ನನ್ನು ತಿರುಗಿಸಿದ್ದು ಜೇಮ್ಸ್ ಜೇಮರ್‌ಸನ್. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಆತ 1962ರ ಪ್ರಿಸಿಷನ್ ಬೇಸಿಗೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ತಂತಿ ಹಾಕಿ, ತುಂಡಾಗುವವರೆಗೆ ಬದಲಾಯಿಸುತ್ತಿರಲಿಲ್ಲ. ಆ ಹಾಡುಗಳಲ್ಲಿ ಬೇಸ್ ಎಲ್ಲೂ ಚುಚ್ಚುವುದಿಲ್ಲ, ಎಲ್ಲೂ ಕಳೆದುಹೋಗುವುದೂ ಇಲ್ಲ. ಅಂಥದ್ದೇ ಬೇಕೆಂದು ದಪ್ಪ ಗೇಜಿನ ಫ್ಲಾಟ್‌ವೌಂಡ್ ಸೆಟ್ಟೊಂದನ್ನು ತರಿಸಿ ಜುಲೈ ತಿಂಗಳಲ್ಲಿ ಹಾಕಿದೆ, ವಾದ್ಯದ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಅದು ನನ್ನ ದೊಡ್ಡ ತಪ್ಪು. ಎರಡು ವಾರದಲ್ಲಿ ನೆಕ್, ಅಂದರೆ ವಾದ್ಯದ ಕತ್ತು, ಮುಂದಕ್ಕೆ ಬಾಗಿ, ಹನ್ನೆರಡನೇ ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥ ಲೋಹದ ಅಡ್ಡಪಟ್ಟಿ) ಬಳಿ ತಂತಿ ಎಷ್ಟು ಮೇಲೆದ್ದಿತ್ತೆಂದರೆ ಒಂದು ತಾಸಿನ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎಡಗೈ ಮಣಿಕಟ್ಟು ಸೋತುಹೋಯಿತು.

ಆಮೇಲೆಯೇ ನಾನು ಬಿಗಿತದ ಲೆಕ್ಕವನ್ನು ಕಲಿತದ್ದು. ತಂತಿಯ ಮಿಡಿಯುವ ಉದ್ದ 34 ಇಂಚು ಇರುವ ಬೇಸಿನಲ್ಲಿ ಸಾಮಾನ್ಯ ಸೆಟ್ಟಿನ ಒಂದೊಂದು ತಂತಿಯೂ ಸರಿಸುಮಾರು 16ರಿಂದ 23 ಕಿಲೋ ಬಲದಿಂದ ಎಳೆಯುತ್ತದೆ. ಅದೇ ಉದ್ದ, ಅದೇ ಶ್ರುತಿ ಇದ್ದಾಗ ಬಿಗಿತ ನಿಂತಿರುವುದು ಪೂರ್ತಿಯಾಗಿ ತಂತಿಯ ತೂಕದ ಮೇಲೆ. ಚಪ್ಪಟೆ ಪಟ್ಟಿಯ ನಡುವೆ ಖಾಲಿ ಸಂದು ಇಲ್ಲದ ಕಾರಣ, ಅದೇ ದಪ್ಪದ ಫ್ಲಾಟ್‌ವೌಂಡ್ ತಂತಿಯಲ್ಲಿ ಲೋಹ ಹೆಚ್ಚು, ಆದ್ದರಿಂದ ಸಾಮಾನ್ಯವಾಗಿ ಬಿಗಿತವೂ ಹೆಚ್ಚು. ಪೊಟ್ಟಣದ ಮೇಲಿನ 45–100 ಎಂಬ ಸಂಖ್ಯೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪವನ್ನು ಹೇಳುತ್ತದೆಯೇ ಹೊರತು, ಬೆರಳಿಗೆ ಅದು ಹೇಗಿರುತ್ತದೆ ಎಂಬುದನ್ನಲ್ಲ. ಥೊಮಾಸ್ಟಿಕ್ ಇನ್‌ಫೆಲ್ಡ್ ಕಂಪನಿಯ ಫ್ಲಾಟ್‌ವೌಂಡ್ ತಂತಿಗಳು ಇದಕ್ಕೆ ಅಪವಾದ. ಅವು ಬಹಳ ಸಡಿಲ, ಬೆರಳಡಿ ಬಳುಕುತ್ತವೆ. ಒಮ್ಮೆ ಗೆಳೆಯರ ವಾದ್ಯದಲ್ಲಿ ನುಡಿಸಿ ನೋಡಿದೆ. ನಾದ ಬಲು ಚೆನ್ನ, ಆದರೆ ಒತ್ತಿ ಮೀಟುವ ನನ್ನ ಕೈಗೆ ತಂತಿ ಫ್ರೆಟ್ಟಿಗೆ ಬಡಿಯುತ್ತಿತ್ತು. ಕಂಪನಿಗಳು ಪ್ರಕಟಿಸುವ ಬಿಗಿತದ ಪಟ್ಟಿಯನ್ನು ಕೊಳ್ಳುವ ಮುನ್ನ ನೋಡುವುದು ಅಂದಿನಿಂದ ನನಗೆ ರೂಢಿಯಾಗಿದೆ.

ನಾನು ಕೊನೆಗೆ ಅನುಸರಿಸಿದ ಕ್ರಮ ಬಹಳ ಸರಳ. ಪ್ರತಿ ಸೆಟ್ ಹಾಕಿದಾಗಲೂ ಒಂದನೇ, ಏಳನೇ, ಇಪ್ಪತ್ತೊಂದನೇ ಮತ್ತು ಅರವತ್ತನೇ ದಿನ ಒಂದೇ ಎಂಟು ಆವರ್ತದ ತುಣುಕನ್ನು, ಒಂದೇ ಕೇಬಲ್, ಆಂಪ್ಲಿಫೈಯರಿನ ಒಂದೇ ಮಟ್ಟ ಇಟ್ಟು ಧ್ವನಿಮುದ್ರಿಸಿದೆ. ಬೆರಳಿನ ಅನುಭವವನ್ನು ಮಾತ್ರ ಪುಸ್ತಕದಲ್ಲಿ ಬರೆದಿಟ್ಟೆ, ಏಕೆಂದರೆ ಅದು ಮುದ್ರಣದಲ್ಲಿ ಉಳಿಯುವುದಿಲ್ಲ. ಒಂದನೇ ದಿನ ಸ್ಟೇನ್‌ಲೆಸ್ ಎಲ್ಲವನ್ನೂ ಮೀರಿಸಿತು. ಇಪ್ಪತ್ತೊಂದನೇ ದಿನಕ್ಕೆ ಅದರ ದನಿ ಮಂಕಾದದ್ದು ಮಾತ್ರವಲ್ಲ, ಟೊಳ್ಳೂ ಆಗಿತ್ತು: ಮೇಲಿನದು ಹೋಗಿತ್ತು, ಅದರ ಜಾಗಕ್ಕೆ ನಡುವಿನದು ಬಂದಿರಲಿಲ್ಲ. ನಿಕ್ಕಲ್ ಲೇಪಿತ ಉಕ್ಕಿನ ರೌಂಡ್‌ವೌಂಡ್ ಮೊದಲ ದಿನ ಅಷ್ಟು ಮಿಂಚಲಿಲ್ಲ, ಆದರೆ ಇಳಿದದ್ದೂ ಮೆಲ್ಲಗೆ. ಡಿ’ಅಡಾರಿಯೋ ಕಂಪನಿಯ ಕ್ರೋಮ್ಸ್ ಎಂಬ 45–100 ಗೇಜಿನ ಫ್ಲಾಟ್‌ವೌಂಡ್ ಮೊದಲ ವಾರ ಸ್ವಲ್ಪ ಲೋಹದ ಸದ್ದು ಮಾಡಿತು. ಇಪ್ಪತ್ತೊಂದನೇ ದಿನ ಅದು ಹಣ್ಣಾಗಿತ್ತು. ಅರವತ್ತನೇ ದಿನದ ಮುದ್ರಣಕ್ಕೂ ಅದಕ್ಕೂ ನನ್ನ ಕಿವಿಗೆ ವ್ಯತ್ಯಾಸವೇ ಸಿಗಲಿಲ್ಲ. ಪುಸ್ತಕದಲ್ಲಿ ಆ ದಿನ ಬರೆದದ್ದು ಇಷ್ಟೇ: ‘ಬೆರಳು ಜಾರಿದ್ದು ಕೇಳಿಸಲಿಲ್ಲ.’

ಹಾಗೆಂದು ರೌಂಡ್‌ವೌಂಡನ್ನು ನಾನು ತೊರೆದಿಲ್ಲ. ಹೆಬ್ಬೆರಳಿನಿಂದ ಬಡಿದು ನುಡಿಸುವ ಹಾಡುಗಳಿಗೆ ಫ್ಲಾಟ್‌ವೌಂಡ್ ಉತ್ತರ ಕೊಡುವುದಿಲ್ಲ. ಅದಕ್ಕಾಗಿ ಎರಡನೇ ವಾದ್ಯವೊಂದರಲ್ಲಿ 45–105ರ ನಿಕ್ಕಲ್ ಲೇಪಿತ ಸೆಟ್ ಇದೆ. ಸ್ಟೇನ್‌ಲೆಸ್ಸನ್ನು ಬಿಟ್ಟದ್ದಕ್ಕೆ ಫ್ರೆಟ್ಟುಗಳೂ ಒಂದು ಕಾರಣ. ಸಾಮಾನ್ಯ ಫ್ರೆಟ್ಟಿನ ಲೋಹಕ್ಕೆ ನಿಕ್ಕಲ್ ಸಿಲ್ವರ್ ಎಂಬ ಹೆಸರಿದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ಇರುವುದು ತಾಮ್ರ, ನಿಕ್ಕಲ್, ಸತು. ಗಟ್ಟಿ ಉಕ್ಕಿನ ದುಂಡು ಸುತ್ತು ಅದನ್ನು ಅರದಂತೆ ಸವೆಸುತ್ತದೆ. ಎಲಿಕ್ಸಿರ್‌ನಂಥ ತೆಳು ಪಾಲಿಮರ್ ಲೇಪದ ತಂತಿಗಳು ನಮ್ಮ ಕರಾವಳಿಗೆ ನಿಜವಾಗಿ ಒಗ್ಗುತ್ತವೆ. ಬೆವರು ಹೆಚ್ಚಿರುವವರಿಗೆ, ರೌಂಡ್‌ವೌಂಡೇ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಅವನ್ನೇ. ನನ್ನ ಬೆರಳಿಗೆ ಅವು ತುಸು ಜಾರು ಎನ್ನಿಸಿದವು, ಅಷ್ಟೇ.

ಹಾಕುವ ಕೆಲಸದಲ್ಲಿ ಅವಸರ ಮಾಡಿದರೆ ಒಳ್ಳೆಯ ತಂತಿಯೂ ಹಾಳು. ಬಿರಡೆಯಿಂದ ಸುಮಾರು ಹತ್ತು ಸೆಂಟಿಮೀಟರ್ ಆಚೆ ತಂತಿಯನ್ನು ಮೊದಲು ಚೂಪಾಗಿ ಮಡಿಸಿ, ಮಡಿಕೆಯ ಆಚೆ ಕತ್ತರಿಸುತ್ತೇನೆ. ಮಡಿಸದೆ ಕತ್ತರಿಸಿದರೆ, ಒಳ ಎಳೆ ದುಂಡಗಿರುವ ತಂತಿಗಳಲ್ಲಿ ಹೊರಸುತ್ತು ಸಡಿಲವಾಗಿ ನಾದ ಅಲ್ಲೇ ಸಾಯುತ್ತದೆ. ಬಿರಡೆಗೆ ಎರಡೂವರೆ ಸುತ್ತು, ಒಂದರ ಕೆಳಗೊಂದು. ಶ್ರುತಿಗೆ ತಂದ ಮೇಲೆ ಕುದುರೆಯ ಮುಂದೆ ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತೇನೆ. ಅಲ್ಲಿ ಅದು ಕಮಾನಿನಂತೆ ಏರದೆ ನೇರವಾಗಿ ಹೊರಡಬೇಕು. ಇದೊಂದರಿಂದಲೇ ಮಂಕಾಗಿದ್ದ ಇ ತಂತಿ ಸ್ಪಷ್ಟವಾದದ್ದನ್ನು ಅನೇಕ ಬಾರಿ ಕಂಡಿದ್ದೇನೆ. ಗೇಜ್ ಬದಲಾದಾಗ ಒಂದು ರಾತ್ರಿ ಬಿಟ್ಟು, ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಎಂಟನೇ ಫ್ರೆಟ್ಟಿನ ಸಂದನ್ನು ಅಳೆಯುತ್ತೇನೆ. ನನಗೆ ಬೇಕಾದದ್ದು 0.3 ಮಿಲಿಮೀಟರ್ ಆಸುಪಾಸು. ಹೆಚ್ಚಿದ್ದರೆ, ನೆಕ್ಕಿನ ಬಾಗನ್ನು ಹದಗೊಳಿಸುವ ಒಳಗಿನ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿಮಾಡಿ ಮತ್ತೊಂದು ದಿನ ಕಾಯುತ್ತೇನೆ. ಕೊನೆಗೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಹೋಲಿಸಿ ಕುದುರೆಯನ್ನು ಸರಿಪಡಿಸುತ್ತೇನೆ.

ಈಗ ನನ್ನ ಮುಖ್ಯ ವಾದ್ಯದಲ್ಲಿರುವ ಫ್ಲಾಟ್‌ವೌಂಡ್ ತಂತಿಗಳನ್ನು ಹಾಕಿದ್ದು 2022ರ ಚೌತಿಗೆ ಮೂರು ವಾರ ಮೊದಲು. ಪ್ರತಿ ಕಾರ್ಯಕ್ರಮದ ನಂತರ ಒಣ ಹತ್ತಿಬಟ್ಟೆಯಿಂದ ಒರೆಸುತ್ತೇನೆ, ಅಡಿಯಿಂದಲೂ. ಇ ತಂತಿಯಲ್ಲಿ ಮೂರನೇ ಫ್ರೆಟ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಸಣ್ಣ ತಗ್ಗು ಬಿದ್ದಿದೆ. ತಿಂಗಳಿಗೊಮ್ಮೆ ಹನ್ನೆರಡನೇ ಫ್ರೆಟ್ಟಿನ ಎರಡು ಸ್ವರಗಳ ಅಂತರವನ್ನು ಟ್ಯೂನರಿನಲ್ಲಿ ನೋಡುತ್ತೇನೆ. ಅದಿನ್ನೂ ಎರಡು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್) ದಾಟಿಲ್ಲ. ಐದು ದಾಟಿದ ತಿಂಗಳು ಹಾಕಲು ಅದೇ ಗೇಜಿನ ಹೊಸ ಸೆಟ್ ಕಪಾಟಿನಲ್ಲಿದೆ, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ.